ದಡಿಯನಿಗೆ ಹಸಿವಿನ ಮಾತ್ರೆ

ನನ್ನ ಭಾವನಿಗೆ ಔಷಧದ ಅಂಗಡಿಯಿದೆ. ಗಿರಾಕಿಯ ಮುಖ ನೋಡದೆ, ಕಪಾಟಿಗೆ ಕೈ ಹಾಕುತ್ತಲೇ ಕಾಯಿಲೆ ಹೇಳಿಬಿಡುವ ಆಸಾಮಿ. ಅದನ್ನೇ ಜಾಣತನವೆಂದು ಹೊಗಳಿ ಬೀದಿಯವರೆಲ್ಲ ಅವನನ್ನು ಅಟ್ಟಕ್ಕೇರಿಸಿದ್ದಾರೆ.

ಅಕ್ಕನಿಗೆ ತನ್ನ ನಾಯಿ ದಡಿಯನೆಂದರೆ ಪ್ರಾಣ. ಅದು ಊಟ ಬಿಟ್ಟಾಗಲೂ ಭಾವ ಇದೇ ವಿದ್ಯೆ ತೋರಿಸಿದ. ಸೋಫಾದಿಂದ ಏಳಲೂ ಇಲ್ಲ.

"ಹಸಿವಾಗ್ತಿಲ್ಲ, ಅಷ್ಟೆ. ಹಸಿವು ಹೆಚ್ಚಿಸೋ ಮಾತ್ರೆ ಇದೆ. ನಾಯಿ, ಬೆಕ್ಕಿಗೂ ಅದನ್ನೇ ಕೊಡ್ತಾರೆ."

"ಡಾಕ್ಟ್ರಿಗೆ ಒಂದ್ಸಲ ತೋರಿಸೋಣ ರೀ," ಎಂದಳು ಅಕ್ಕ.

"ನಾನು ಅಂಗಡಿ ಇಟ್ಕೊಂಡು ಡಾಕ್ಟ್ರ ಬಾಗಿಲಲ್ಲಿ ನಿಲ್ಲೋದಾ? ನನ್ನ ಮರ್ಯಾದೆ ಏನಾಗಬೇಕು?"

ನಾಯಿಯ ಜೀವಕ್ಕಿಂತ ದೊಡ್ಡದಂತೆ ಇವನ ಮರ್ಯಾದೆ! ಅಕ್ಕ ಮಾತ್ರೆಯನ್ನು ನೀರಲ್ಲಿ ಕದಡಿ, ಸಿರಿಂಜಿನಿಂದ ದಡಿಯನ ಕೆನ್ನೆಯ ಸಂದಿಗೆ ಬಿಟ್ಟಳು.

ಮಾತ್ರೆ ಕೆಲಸ ಮಾಡಿತು, ಅದೇ ಕರ್ಮ. ಮೂಲೆಯಲ್ಲಿ ಮುದುಡಿದ್ದ ನಾಯಿ ಈಗ ಅಡುಗೆಮನೆ ಬಿಡಲೊಲ್ಲದು. ತಟ್ಟೆ ಸದ್ದಾದರೆ ಓಡಿಬರುವುದು, ಬಾಯಿ ಹಾಕುವುದು, ಕುಂಯ್ ಎಂದು ಹಿಂದೆ ಸರಿಯುವುದು. ಆಮೇಲೆ ಜೊಲ್ಲು ಸುರಿಸುತ್ತ ಅನ್ನವನ್ನೇ ನೋಡುತ್ತ ನಿಲ್ಲುವುದು. ಮೈಯೆಲ್ಲ ಮೂಳೆ ಚಕ್ಕಳ.

"ಇನ್ನೊಂದು ಮಾತ್ರೆ ಹಾಕು," ಎಂದ ಮಹಾನುಭಾವ, ತಾನು ಮಾತ್ರ ಬಾಯಿ ತುಂಬ ತುತ್ತು ಇಟ್ಟುಕೊಂಡು.

ಅಕ್ಕ ದಡಿಯನನ್ನು ಹೊದಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ನಡಿಯೋ." ಮರ್ಯಾದೆ ಕಾಯಲು ಭಾವನೂ ಹಿಂದೆಯೇ ಬಂದ.

ಪಶುವೈದ್ಯೆ ಮೊದಲು ಮಾಡಿದ್ದೇ ದಡಿಯನ ಬಾಯಿ ತೆರೆದು ನೋಡಿದ್ದು. ಅಂಗುಳಿಗೆ ಅಡ್ಡಲಾಗಿ, ಹಲ್ಲುಗಳ ನಡುವೆ ಮೂಳೆಯ ಚೂರೊಂದು ಸಿಕ್ಕಿಕೊಂಡಿತ್ತು. ಊಟದ ಮೇಜಿನ ಕೆಳಗೆ ಮೂಳೆ ಎಸೆಯುವ ದೊಡ್ಡ ಮನುಷ್ಯ ನಮ್ಮ ಮನೆಯಲ್ಲಿ ಒಬ್ಬನೇ.

"ಪಾಪ, ಇದಕ್ಕೆ ಹಸಿವಿತ್ತು. ತಿನ್ನೋಕೆ ಆಗ್ತಿರಲಿಲ್ಲ. ಹಸಿವು ಇನ್ನೂ ಹೆಚ್ಚಿಸಿ ಹಿಂಸೆ ಕೊಟ್ಟಿದ್ದೀರ. ಯಾರೂ ಬಾಯಿ ತೆಗೆದು ನೋಡಲಿಲ್ವಾ?" ಎಂದು ಬೈದು, ಮಂಪರಿನ ಇಂಜೆಕ್ಷನ್ ಕೊಟ್ಟು, ಇಕ್ಕಳದಿಂದ ಮೂಳೆ ಕಿತ್ತಳು.

ಮಂಪರು ಇಳಿದ ಮೇಲೆ ಮೆತ್ತಗಿನ ಊಟ ಇಟ್ಟರು. ದಡಿಯ ತಲೆಯೆತ್ತದೆ ತಿಂದ. ಅಕ್ಕನ ಕಣ್ಣು ತುಂಬಿತು.

ಭಾವ ಎದೆಯುಬ್ಬಿಸಿದ. "ನೋಡಿದ್ರಾ? ನನ್ನ ಮಾತ್ರೆ ಹಿಡೀತು!"

ಅಕ್ಕ ಕಣ್ಣೊರೆಸಿಕೊಂಡಳು. "ಡಾಕ್ಟ್ರೇ, ಇಕ್ಕಳ ಎತ್ತಿಡಬೇಡಿ. ಇವರ ಬಾಯೂ ಸ್ವಲ್ಪ ನೋಡಿ."

ಭಾವನ ಬಾಯಿ ತಾನಾಗಿ ಮುಚ್ಚಿತು. ದಡಿಯ ತಟ್ಟೆ ನೆಕ್ಕುವ ಸದ್ದು ಆಗಲೇ ನಮಗೆ ನೆಟ್ಟಗೆ ಕೇಳಿಸಿದ್ದು.