ತೊಳೆಯಬಹುದಾದ ಫಿಲ್ಟರ್

ನಮ್ಮದು ಲಾಂಡ್ರಿ ಮನೆ. ಮುಂದೆ ಇಸ್ತ್ರಿ ಮೇಜು, ನಡುವೆ ಒಗೆಯುವ ಕೋಣೆ, ಹಿಂದೆ ನಾವು. ದಿಬ್ಬದ ಮೇಲಿನ ಆಸ್ಪತ್ರೆಯ ಹಾಸು ಹೊದಿಕೆಗಳನ್ನು ಒಗೆದು ಕೊಡುವುದು ನಮ್ಮ ಮುಖ್ಯ ಕೆಲಸ. ಅವನ್ನು ತರುವುದೂ ಒಯ್ಯುವುದೂ ನನ್ನ ಪಾಲು, ಮಾವ ಬಿಟ್ಟುಹೋದ ಬೈಕಿನ ಮೇಲೆ. ಮದುವೆಯಾದ ಹೊಸದರಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತು ನಿಂತು, ಆ ಬಿಸಿಗೆ ನನ್ನ ತಲೆಯೂ ಕಾದು, ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಬೈಕ್ ಕೈಗೆ ಬಂದ ಮೇಲೆ ಮನುಷ್ಯಳಾದೆ. ಇದು ನನ್ನ ಗಂಡನದೇ ಮಾತು. ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ.

ಅಂಥ ಬೈಕು ದಿಬ್ಬ ಹತ್ತಲು ತಕರಾರು ತೆಗೆಯಿತು. ಸಮತಟ್ಟು ರಸ್ತೆಯಲ್ಲಿ ಹೇಗೋ ಓಡುತ್ತಿತ್ತು. ಏರು ಶುರುವಾದರೆ ಕಪ್ಪು ಹೊಗೆ ಕಾರಿ, ಕೆಮ್ಮಿ, ನಿಂತೇಬಿಡುತ್ತಿತ್ತು. ಹಾಸುಗಳು ತಡವಾಗಿ ಆಸ್ಪತ್ರೆಯ ಮೇಟ್ರನ್ ಬಾಯಿಗೆ ಬಂದಂತೆ ಬೈದರು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಇಣುಕಿ, ಇಷ್ಟು ಬೆಳ್ಳಗಿರುವ ಫಿಲ್ಟರನ್ನು ತಾನು ನೋಡಿಯೇ ಇಲ್ಲ, ಅದರ ತಂಟೆ ಬೇಡ ಎಂದು ಹಾಗೇ ಮುಚ್ಚಿದ. ಕೊನೆಗೆ ಇಂಜಿನ್ನೇ ಹೋಗಿದೆ ಎಂದು ಕೈ ತೊಳೆದುಕೊಂಡ.

ಲಾಂಡ್ರಿಯ ಆಗುಹೋಗು ನೋಡಿಕೊಳ್ಳುವ ನನ್ನ ಭಾವನಿಗೆ ಅಷ್ಟು ಸಾಕಾಯಿತು. ಗಾಡಿ ಮಾರುವುದು, ಬಾಡಿಗೆ ವ್ಯಾನ್ ಗೊತ್ತುಮಾಡುವುದು ಎಂದು ತೀರ್ಮಾನಿಸಿ, ಕೊಳ್ಳುವವನನ್ನು ಸಂಜೆಗೆ ಬರಹೇಳಿಯೂ ಬಿಟ್ಟರು. ಅಂದರೆ ನಾನು ಮತ್ತೆ ಇಸ್ತ್ರಿ ಮೇಜಿಗೆ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಕೂಗಾಡಿ ಪ್ರಯೋಜನವಿಲ್ಲವೆಂದು ನಾನೇ ಸ್ಕ್ರೂ ಡ್ರೈವರ್ ಹಿಡಿದು ಕೂತೆ. ಉಳಿದದ್ದನ್ನೆಲ್ಲ ನೋಡಿಯಾಗಿತ್ತು, ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಪಾರಾಗಿದ್ದದ್ದು ಫಿಲ್ಟರ್. ಅದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಿಡಿಭಾಗದ ಅಂಗಡಿಗೆ ನಡೆದೆ.

ಅಂಗಡಿಯವರು ಮಾತಿನ ಮಲ್ಲ. ಕೇಳುವ ಮೊದಲೇ ಗಾಜಿನ ಕಪಾಟಿನ ಮೇಲೆ ಫಿಲ್ಟರುಗಳನ್ನು ಹರಡಿದರು. ಕಂಪನಿಯದೇ ಕಾಗದದ್ದು; ಅದನ್ನೇ ನೋಡಿ ಮಾಡಿದ ಅಗ್ಗದ್ದು, ಅಂಚಿನ ರಬ್ಬರ್ ಅಲ್ಲೇ ಬಿಟ್ಟುಕೊಂಡಿತ್ತು; ಊರಿಗೆಲ್ಲ ಕೇಳುವಂತೆ ಸದ್ದು ಮಾಡುವ ಉಕ್ಕಿನ ಜಾಲರಿಯದ್ದು; ಮತ್ತೆ ಮೂಲೆಯಿಂದ ಧೂಳು ಕೊಡವಿ ತೆಗೆದ ಫೋಮಿನದು. ಆಮೇಲೆ ನನ್ನ ಹಳೆಯದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಚೂರೂ ಬೆಳಕು ತೂರಲಿಲ್ಲ. ಬಾಯಿಗಿಟ್ಟು ಊದಿದರು; ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ದಾಟಲಿಲ್ಲ.

"ಇದು ಫಿಲ್ಟರ್ ಅಲ್ಲಮ್ಮ, ಗೋಡೆ," ಎಂದರು.

ನಾನು ಅದರ ಕಾಗದದ ಮಡಿಕೆಗಳ ಮೇಲೆ ಹೆಬ್ಬೆರಳು ಆಡಿಸಿದೆ. ಗರಿಗರಿ. ಮೂಗಿಗೆ ಹಿಡಿದೆ. ಸೋಪು, ಸೋಪಿನ ಹಿಂದೆ ಗಂಜಿ. ನರ್ಸುಗಳ ಕಾಲರಿನಲ್ಲಿ ದಿನಾ ಮುಟ್ಟುವ ಹದ ಅದು, ನಿದ್ದೆಯಲ್ಲೂ ಗುರುತು ಹಿಡಿದೇನು. ನಮ್ಮ ಮನೆಯಲ್ಲಿ ಆ ಹದಕ್ಕೆ ಗಂಜಿ ಕಾಯಿಸಲು ಬರುವುದು ಅತ್ತೆಗೆ ಮಾತ್ರ.

ಮೊದಲು ಮೈ ಉರಿಯಿತು. ಆಮೇಲೆ ಒಂದೊಂದೇ ಹೊಳೆಯಿತು. ಹಿಂದೊಮ್ಮೆ ಮೆಕ್ಯಾನಿಕ್ ಫಿಲ್ಟರ್ ತೆಗೆದು ಧೂಳು ಕೊಡವುವಾಗ ಅತ್ತೆ ಬಾಗಿಲಲ್ಲಿ ನಿಂತು ಮುಖ ಕಿವುಚಿದ್ದರು. ಕೊಳೆಯನ್ನು ಕಂಡು ಸುಮ್ಮನಿರುವ ಜೀವವಲ್ಲ. ಬೈಕಿನ ಕೆಸರು ಕೂಡ ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತಿತ್ತು. ಗಂಡನೇ ಒರೆಸುತ್ತಾನೆಂದು ನಂಬಿ ಅವನಿಗೆ ಇನ್ನೊಂದು ಲೋಟ ಚಹಾ ಕೊಡುತ್ತಿದ್ದೆ. ಕಳ್ಳ, ಕುಡಿದು ಸುಮ್ಮನಿರುತ್ತಿದ್ದ. ಅಂಗಡಿಯಲ್ಲಿ ನಿಂತಲ್ಲೇ ನನಗೆ ನಗು ಬಂತು, ನಗುವಿನ ಜೊತೆ ಕಣ್ಣೂ ತುಂಬಿತು.

"ಕಾಗದದ್ದು ತಗೊಳ್ಳಿ, ಹಾಕಿ ಮರೆತುಬಿಡಬಹುದು," ಎಂದರು ಅಂಗಡಿಯವರು. "ಫೋಮ್ ಆದ್ರೆ ಪದೇ ಪದೇ ತೊಳೀಬೇಕು, ಒಣಗಿಸಬೇಕು, ಎಣ್ಣೆ ಹಚ್ಚಿ ಹಿಂಡಬೇಕು. ಯಾರಿಗೆ ಬೇಕು ಆ ರಗಳೆ?"

"ಫೋಮಿಂದೇ ಕೊಡಿ," ಎಂದೆ. "ಎರಡು ಕೊಡಿ."

ಒಂದನ್ನು ಅಂಗಳದಲ್ಲೇ ಕೂತು ಜೋಡಿಸಿದೆ. ಕೊಳ್ಳುವವನು ಬರುವ ಮೊದಲು ಒಂದು ಸುತ್ತು ಬನ್ನಿ ಎಂದು ಭಾವನನ್ನು ಹಿಂದೆ ಕೂರಿಸಿಕೊಂಡೆ. ಅವರ ತೊಡೆಯ ಮೇಲೆ ಹಾಸುಗಳ ಗಂಟು. ಭಾವ ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ. ದಿಬ್ಬದ ಬುಡ ಬಂತು, ಆಕ್ಸಿಲರೇಟರ್ ತಿರುವಿದೆ. ಬೈಕು ಕೆಮ್ಮಲಿಲ್ಲ. ಗೇರ್ ಇಳಿಸಿದೆ, ಅದು ಗಂಟಲು ಬಿಚ್ಚಿ ಗುಡುಗುತ್ತ ನಮ್ಮನ್ನು ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿತು. ಭಾವ ಇಳಿದು ಬೈಕನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಫೋನ್ ತೆಗೆದು ಗಾಡಿ ಮಾರುವುದಿಲ್ಲವೆಂದು ತಿಳಿಸಿದರು. ಏನಾಗಿತ್ತು ಎಂದು ಕೇಳಿದರು. ಫಿಲ್ಟರ್ ಕಟ್ಟಿಕೊಂಡಿತ್ತು ಎಂದಷ್ಟೇ ಹೇಳಿದೆ.

ಮನೆಗೆ ಬಂದಾಗ ಅತ್ತೆ ಒಬ್ಬರೇ ಒಗೆಯುವ ಕೋಣೆಯ ಬೆಂಚಿನ ಮೇಲೆ ದಿಂಬಿನ ಚೀಲ ಮಡಚುತ್ತಿದ್ದರು. ಪಕ್ಕದಲ್ಲಿ ಕೂತು ಇನ್ನೊಂದು ಫೋಮನ್ನು ಅವರ ಮಡಿಲಿಗಿಟ್ಟೆ. "ಕಾಗದದ್ದಕ್ಕೆ ನೀರು ತಾಗಬಾರದಂತೆ ಅತ್ತೆ. ಇದನ್ನ ತೊಳೀಬಹುದು. ಗಂಜಿ ಮಾತ್ರ ಬೇಡ."

ಅವರ ಕೈ ನಿಂತಿತು. "ನನ್ನಿಂದಾನೇ ಗಾಡಿ ಕೆಟ್ಟಿದ್ದಾ?"

ಹೌದು ಎಂದೆ. ಅತ್ತೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಅವರು ಫೋಮನ್ನು ಒಮ್ಮೆ ಅದುಮಿ ನೋಡಿದರು.

"ಗಾಡಿ ಹತ್ತಿದ ಮೇಲೇನೇ ನೀನು ಈ ಮನೇಲಿ ನಗೋಕೆ ಶುರು ಮಾಡಿದ್ದು," ಎಂದರು. "ಅದು ನಿಂತುಹೋದ್ರೆ ನೀನು ಮತ್ತೆ ಮೊದಲಿನ ಹಾಗೆ ಆಗ್ತೀಯೇನೋ ಅಂತ ನಂಗೆ ಭಯ. ಇಂಜಿನ್ ಗಿಂಜಿನ್ ನಂಗೇನು ಗೊತ್ತು? ತೊಳೆಯೋದು ಗೊತ್ತು. ತೊಳೆದೆ."

ತವರಿನಲ್ಲೂ ನನ್ನ ನಗುವಿಗೆ ಯಾರೂ ಹೀಗೆ ಕಾವಲು ಕೂತಿರಲಿಲ್ಲ. ಈ ಋಣ ಬಾಯಿಮಾತಿನಲ್ಲಿ ತೀರುವಂಥದ್ದಲ್ಲ. ಅವರ ಹೆಗಲಿಗೆ ತಲೆಯಿಟ್ಟೆ.

"ಪೆಟ್ರೋಲ್ ವಾಸನೆ ಹೊಡೀತಿದ್ದೀಯ, ಹೋಗಿ ಸ್ನಾನ ಮಾಡು," ಎಂದರು ಅತ್ತೆ. ಹೆಗಲನ್ನು ಮಾತ್ರ ಕದಲಿಸಲಿಲ್ಲ.