ಕ್ಯಾಮೆರಾಕ್ಕೊಂದು ಕರಿ ಟಿಕಳಿ

ಕ್ಯಾಮೆರಾದ ಎದುರು ಕುಳಿತ ಮನುಷ್ಯ ಮೊದಲು ಹೆದರುವುದು ತನ್ನ ಕೈಗಳಿಗೆ. ಹುಟ್ಟಿದಂದಿನಿಂದ ಜೊತೆಗಿದ್ದ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಯಾರೋ ನೋಡಿಕೊಳ್ಳಲು ಕೊಟ್ಟುಹೋದ ಸಾಮಾನಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾನೆ. ಔರಂಗಾಬಾದಿನ ಬ್ಯಾಂಕ್ ತರಬೇತಿ ಕೇಂದ್ರದಲ್ಲಿ ಆರು ವರ್ಷ ವಿಡಿಯೊ ಕ್ಯಾಮೆರಾ ನಡೆಸಿದ ನರಹರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಿರಾಕಿಗಳೊಡನೆ ಸೌಜನ್ಯದಿಂದ ಮಾತಾಡುವುದನ್ನು ಕಲಿಯಲು ಊರೂರಿನ ಗುಮಾಸ್ತರು ಅಲ್ಲಿಗೆ ಬರುತ್ತಿದ್ದರು. ಅವರು ಮಾತಾಡುವುದನ್ನು ಚಿತ್ರೀಕರಿಸಿ, ಅವರಿಗೇ ತೋರಿಸಿ ತಿದ್ದುವುದು ಅವನ ಕೆಲಸ.

ಬಂದವರ ಕೈಗೆ ಅವನು ಮೊದಲು ಅರ್ಧ ಲೋಟ ನೀರು ಕೊಡುತ್ತಿದ್ದ. ಚೆಲ್ಲಬಾರದೆಂಬ ಎಚ್ಚರದಲ್ಲಿ ಕೈಗಳು ತಮ್ಮನ್ನು ತಾವು ಮರೆಯುತ್ತಿದ್ದವು. ಇದು ಅವನು ಎಲ್ಲರಿಗೂ ಹೇಳಿಕೊಡುತ್ತಿದ್ದ ವಿದ್ಯೆ. ಹೇಳಿಕೊಡದೆ ತನ್ನಲ್ಲೇ ಇಟ್ಟುಕೊಂಡವು ಬೇರೆ ಎರಡಿದ್ದವು. ಕ್ಯಾಮೆರಾ ಓಡುವಾಗ ಅದರ ಮುಂಭಾಗದಲ್ಲಿ ಸಾಸಿವೆಯಷ್ಟು ಕೆಂಪು ದೀಪವೊಂದು ಉರಿಯುತ್ತದೆ. ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿ, "ಇದು ಬರೇ ಪ್ರ್ಯಾಕ್ಟೀಸ್, ಇನ್ನೂ ಚಾಲೂ ಮಾಡಿಲ್ಲ" ಎನ್ನುವುದು ಮೊದಲನೆಯದು. ಎರಡನೆಯದು, ತಾನು ಮ್ಯಾಟ್ರಿಕ್‌ನಲ್ಲಿ ನಾಪಾಸಾದ ಕಥೆ. ಫಲಿತಾಂಶದ ದಿನ ಧಾರವಾಡದ ಕೆರೆಯ ದಂಡೆಯಲ್ಲಿ ಸಂಜೆಯವರೆಗೆ ಕುಳಿತದ್ದು, ಹುಡುಕಿಕೊಂಡು ಬಂದ ಅಪ್ಪ ಬೇರೇನೂ ಅನ್ನದೆ "ಚಪ್ಪಲಿ ಹಾಕ್ಕೋ" ಎಂದದ್ದು. ಅದನ್ನು ಎಷ್ಟು ಸಲ ಹೇಳಿದ್ದನೆಂದರೆ ಆ ಚಪ್ಪಲಿಯ ಬಾರಿನ ಬಣ್ಣ ಕೂಡ ಅವನಿಗೆ ನೆನಪಿತ್ತು. ನಿಜವಾಗಿ ನರಹರಿ ಆ ವರ್ಷ ಶಾಲೆಗೇ ಎರಡನೆಯವನಾಗಿ ಪಾಸಾಗಿದ್ದ.

ಅವನಿಗೆ ಇದರಲ್ಲಿ ತಪ್ಪು ಕಂಡಿರಲಿಲ್ಲ. ಅವನ ಕೈಚೀಲದಲ್ಲಿ ಸದಾ ಒಂದೆರಡು ತೆಳ್ಳನೆಯ ಹೊಸಕಾವ್ಯದ ಪುಸ್ತಕಗಳಿರುತ್ತಿದ್ದವು. ಕರೆಯದೆ ಬಂದ ಸಾಲೇ ಜೀವಂತ, ಕರೆದು ಕೂರಿಸಿದ ಸಾಲು ಪದ್ಯದ ಹೆಣ ಎಂದು ನಂಬಿದ್ದವನು ಅವನು. ಮನುಷ್ಯರ ಮುಖಗಳಿಗೂ ಅದೇ ಮಾತನ್ನು ಅನ್ವಯಿಸಿಕೊಂಡಿದ್ದ, ಅಷ್ಟೆ.

೧೯೯೧ರಲ್ಲಿ ಬ್ಯಾಂಕಿಗೆ ಐವತ್ತು ತುಂಬಿತು. ಹಳೆಯ ನೌಕರರ ಮಾತುಗಳ ಒಂದು ವಿಡಿಯೊ ಮಾಡಿ ಮೇ ತಿಂಗಳ ಸಮಾರಂಭದಲ್ಲಿ ತೋರಿಸಬೇಕೆಂದು ವಲಯ ವ್ಯವಸ್ಥಾಪಕ ಸದಾನಂದರು ನರಹರಿಗೆ ಹೇಳಿದರು. ಹೀಗೆ ಅವನು ಮಾರ್ಚಿನ ಕೊನೆಯಲ್ಲಿ ನಾಸಿಕ್ ರೋಡ್ ಶಾಖೆಗೆ, ಅಲ್ಲಿಯ ಜವಾನ ಖಂಡಪ್ಪನ ಬಳಿಗೆ ಹೋದದ್ದು.

ಭಾಲ್ಕಿ ಕಡೆಯ ಖಂಡಪ್ಪ ನಿವೃತ್ತಿಗೆ ನಾಲ್ಕು ತಿಂಗಳಿದ್ದವನು. ಅವನ ವಿನಯ ಇಡೀ ವಲಯದಲ್ಲಿ ಹೆಸರಾಗಿತ್ತು. ಪಾಸ್‌ಬುಕ್ ಕೇಳಲು ಬಂದವರನ್ನು ಬೇರೆ ಜವಾನರು ಗದ್ದ ಎತ್ತಿ ಕೌಂಟರಿನತ್ತ ತೋರಿಸಿದರೆ, ಖಂಡಪ್ಪ ಎದ್ದು ನಿಂತು ಅವರ ಹೆಸರು ಕೇಳಿ, ತಾನೇ ಜೊತೆಗೆ ಹೋಗಿ, "ಇವರು ಗಾಯಕವಾಡ ಸಾಹೇಬರು, ಇವರದು ಕೊಡ್ರಿ" ಎಂದು ಗುಮಾಸ್ತರಿಗೆ ಪರಿಚಯಿಸುತ್ತಿದ್ದ. ಆದರೆ ಶಾಖೆಯಲ್ಲಿ ಕ್ಯಾಮೆರಾ ಎದುರು ಕೂರಿಸಿದಾಗ ಅವನಿಂದ ಮಾತೇ ಹೊರಡಲಿಲ್ಲ. ಆದ್ದರಿಂದ ನರಹರಿ ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿದ್ದ ಅವನ ಎರಡು ಕೋಣೆಗಳ ಮನೆಗೇ ಹೋದ. ಮಗ ಪಾಳಿಯ ಕೆಲಸಕ್ಕೆ ಓಝರಿನ ಕಾರ್ಖಾನೆಗೆ ಹೋಗಿದ್ದ. ಸೊಸೆ ಸರೋಜಿನಿಯೂ ಹೊರಗೆ ಹೋಗಿದ್ದಳು. ಮನೆಯಲ್ಲಿದ್ದವರು ಖಂಡಪ್ಪ ಮತ್ತು ಹೆಂಡತಿ ನಾಗಮ್ಮ.

ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದಾಗ, ಬಿಸಿಲಿಗೆ ಕಪ್ಪು ಪಟ್ಟಿಯ ಅಂಟು ಹೋಗಿರುವುದು ಕಂಡಿತು. ಗೋಡೆಯ ಕನ್ನಡಿಯ ಅಂಚಿನಲ್ಲಿ ಹಣೆಗೆ ಅಂಟಿಸಿಕೊಳ್ಳುವ ಟಿಕಳಿಗಳ ಸಾಲಿತ್ತು.

"ನಾಗಮ್ಮನವರ, ಒಂದು ಕರೀ ಟಿಕಳಿ ಕೊಡ್ರಿ. ನಿಮ್ಮ ಯಜಮಾನ್ರು ಭಾಳ ಛಂದ ಕಾಣ್ಲಿಕ್ಕತ್ಯಾರ. ಕ್ಯಾಮೆರಾದ ದೃಷ್ಟಿ ತಾಕಬಾರದು."

ನಾಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇವ್ ಸೊಸಿವ್ರಿ. ತಗೋರಿ, ಆಕಿ ಏನೂ ಅನ್ನಲ್ಲ." ಉಗುರಿನಿಂದ ಒಂದನ್ನು ಬಿಡಿಸಿ ಕೊಟ್ಟಳು. ನರಹರಿ ಅದನ್ನು ಸರಿಯಾಗಿ ದೀಪದ ಮೇಲೆ ಅಂಟಿಸಿದ.

"ಖಂಡಪ್ಪನವರ, ಇದು ಪ್ರ್ಯಾಕ್ಟೀಸ್. ಚಾಲೂ ಆದ್ರ ಕೆಂಪು ದೀಪ ಹತ್ತತದ. ಎಲ್ಲೆರೆ ಕಾಣಸ್ತದೇನು?"

"ಇಲ್ರಿ ಸಾಹೇಬ್ರ."

"ಮತ್ತ ಯಾಕ ಹಂಗ ಎದಿ ಸೆಟಸಿ ಕುಂತೀರಿ? ಪೊಲೀಸ್ ಭರ್ತಿಗೆ ಬಂದೀರೇನು?"

"ಲಗ್ನದಾಗ ಭೀ ಹಿಂಗೇ ಕುಂತಿದ್ರು ನೋಡ್ರಿ," ಎಂದಳು ನಾಗಮ್ಮ. "ಮಾರಿ ಮ್ಯಾಗ ಅಕ್ಕಿಕಾಳು ಬಿದ್ರೂ ಕಣ್ಣು ಮಿಟುಕಿಸಿಲ್ಲ. ನಮ್ಮವ್ವ ಅಂದ್ಲು, ಅಳಿಯಗ ಜೀವ ಅದನೋ ಇಲ್ಲೋ ಮುಟ್ಟಿ ನೋಡ್ರಿ ಅಂತ."

"ನೀ ನೀರಿಗಿ ಹೋಗು. ನಳ ನಿಂತೀತು," ಎಂದ ಖಂಡಪ್ಪ, ಆದರೆ ನಗುತ್ತಲೇ. ಅವಳು ಕೊಡ ಎತ್ತಿಕೊಂಡು ಹೊರಟಳು.

ನೀರಿನ ಲೋಟ ಖಂಡಪ್ಪನ ಕೈಯಲ್ಲಿತ್ತು. ನರಹರಿ ಕ್ಯಾಮೆರಾದ ಗುಂಡಿ ಒತ್ತಿ, ಅದರಿಂದ ದೂರ ಬಂದು ಚಾಪೆಯ ಮೇಲೆ ಕುಳಿತ. ಕೆರೆಯ ದಂಡೆಯ ಕಥೆ ಹೇಳಿದ. ಚಪ್ಪಲಿಯವರೆಗೆ ಬಂದಾಗ ಖಂಡಪ್ಪ ಅವನನ್ನೇ ನೋಡುತ್ತಿದ್ದ.

"ಮನಿ ಮಂದಿಗಿ ಗೊತ್ತದೇನ್ರಿ ಇದು?"

"ಹೆಂಡ್ತಿಗೂ ಹೇಳಿಲ್ಲ," ಎಂದ ನರಹರಿ. ಈ ಸಾಲು ಕಥೆಯಲ್ಲಿ ಮೊದಲು ಇರಲಿಲ್ಲ, ಕರೆಯದೆ ಬಂದಿತ್ತು.

ಖಂಡಪ್ಪ ಲೋಟವನ್ನು ನೆಲದ ಮೇಲಿಟ್ಟ. "ನಂದೂ ಒಂದದರಿ," ಎಂದ. "ನನಗ ಓದ್ಲಿಕ್ಕಿ ಬರಲ್ರಿ. ಒಂದಕ್ಷರ ಭೀ ಬರಲ್ಲ."

ನೌಕರಿಗೆ ಬೇಕೆಂದು ಊರಿನ ಮಾಸ್ತರರು ನಾಲ್ಕನೇ ಇಯತ್ತೆ ಪಾಸಾದ ದಾಖಲೆ ಬರೆದುಕೊಟ್ಟಿದ್ದರು. ಸಹಿ ಎಂಬುದು ಅವನಿಗೆ ತನ್ನ ಹೆಸರಿನ ಚಿತ್ರ. ಟಪಾಲು ಹಂಚುವಾಗ ಗುಮಾಸ್ತ ಒಂದೊಂದೇ ವಿಳಾಸ ಓದಿ ಹೇಳಿದಂತೆ ಒಂದೊಂದು ಲಕೋಟೆಯನ್ನು ಒಂದೊಂದು ಬೆರಳಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ. "ಕಿರಿಬಳ್ಳಂದು ಪ್ರೆಸ್ಸಿಗಿ, ನಡು ಬಳ್ಳಂದು ಪೋಸ್ಟಿಗಿ. ಮೂವತ್ತು ವರ್ಷದಾಗ ಒಂದು ಕಾಗದ ಭೀ ತಪ್ಪಿಲ್ರಿ." ಗಿರಾಕಿಗಳ ಹೆಸರು ಕೇಳಿ ಜೊತೆಗೆ ಹೋಗುತ್ತಿದ್ದುದೂ ಅದಕ್ಕೇ. "ಪಾಸ್‌ಬುಕ್ ಮ್ಯಾಗಿನ ಹೆಸರು ನನಗ ಹ್ಯಾಂಗ ತಿಳೀಬೇಕ್ರಿ? ಮಂದಿ ನೋಡಿದ್ರ ಖಂಡಪ್ಪ ಭಾಳ ನಮ್ರ ಅಂತಾರ!" ಅವನು ತೊಡೆ ತಟ್ಟಿಕೊಂಡು ನಕ್ಕ. ಬೆರಳುಗಳನ್ನು ಅಗಲಿಸಿ ಇಲ್ಲದ ಲಕೋಟೆಗಳನ್ನು ತೋರಿಸುತ್ತಿದ್ದ ಆ ಕೈಗಳಷ್ಟು ನಿರಾಳವಾದ ಕೈಗಳನ್ನು ನರಹರಿ ಆರು ವರ್ಷಗಳಲ್ಲಿ ನೋಡಿರಲಿಲ್ಲ.

"ಮನಿಯಾಕಿ ಒಬ್ಬಾಕಿಗಿ ಗೊತ್ತದ. ಸೊಸಿಗಿ ಗೊತ್ತಿಲ್ರಿ. ಆಕಿ ಸಾಲಿ ಬಾಯಿ, ಮಕ್ಕಳಿಗಿ ಕಲಸ್ತಾಳ. ದಿನಾ ಸಂಜಿಗಿ ಪೇಪರ್ ತಂದು ನನ್ನ ಕೈಯಾಗ ಕೊಡ್ತಾಳ. 'ಮಾಮಾ, ಏನದ ಇವತ್ತು?' ಅಂತಾಳ. ಮುಂಜಾನಿ ಚಹಾದಂಗಡಿ ರೇಡಿಯೊದಾಗ ಕೇಳಿದ್ದು ಹೇಳ್ತೀನಿ, ಪೇಪರಿನ ಮ್ಯಾಗ ಕಣ್ಣಿಟ್ಟು. ಆಕಿ ರೊಟ್ಟಿ ಬಡೀತ ಕೇಳ್ತಾಳ. ಆಕಿ ಮುಂದ ಒಂದು ಮಾನ ಅದರಿ ನಂದು. ಅಷ್ಟು ಉಳಿದ್ರ ಸಾಕು." ಒಮ್ಮೆಲೇ ಅವನು ಕ್ಯಾಮೆರಾದ ಕಡೆ ನೋಡಿದ. "ಇದು ಚಾಲೂ ಇಲ್ಲಲ್ರಿ ಸಾಹೇಬ್ರ?"

"ಇಲ್ಲ, ಇಲ್ಲ," ಎಂದ ನರಹರಿ.

ಎರಡು ಸಲ ಅಂದಿದ್ದ. ಮುಂದೆ ಎಷ್ಟೋ ದಿನ ಅವನ ಕಿವಿಯಲ್ಲಿ ಉಳಿದದ್ದು ಆ ಎರಡನೆಯ "ಇಲ್ಲ".

ಔರಂಗಾಬಾದಿಗೆ ಮರಳಿ ಅವನು ಆ ಭಾಗವನ್ನು ಏಳು ಸಲ ನೋಡಿದ. ಅಳಿಸಬೇಕೆಂದೇ ಪ್ರತಿ ಸಲ ಕೂತದ್ದು. ಎಂಟನೆಯ ಸಲ ಸದಾನಂದರು ಹಿಂದೆ ಬಂದು ನಿಂತಿದ್ದರು. "ಇದು ನೋಡ್ರಿ ಬ್ಯಾಂಕು ಅಂದ್ರ! ಉಳಿದದ್ದೆಲ್ಲ ಭಾಷಣ," ಎಂದರು.

"ಅವರನ್ನ ಒಂದು ಮಾತು ಕೇಳಬೇಕ್ರಿ ಸರ್."

"ಕೇಳ್ರಿ ಮತ್ತ."

ಅವನು ಕೇಳಲಿಲ್ಲ. ಪತ್ರ ಬರೆದರೆ ಅದನ್ನು ಸೊಸೆಯೇ ಓದಿ ಹೇಳಬೇಕಾಗುತ್ತದೆ ಎಂಬುದು ಅವನಿಗೆ ನೆಪವಾಗಿ ಒದಗಿತು. ಶಾಖೆಗೆ ಫೋನ್ ಮಾಡಿದರೆ ನಾಲ್ಕು ಜನರ ಕಿವಿಗೆ ಬೀಳುತ್ತದೆ. ಸೊಸೆಯ ಮಾತಿದ್ದ ತುಂಡನ್ನು ಕತ್ತರಿಸಿದ, ಉಳಿದದ್ದನ್ನು ಇಟ್ಟುಕೊಂಡ. ಅವಳು ಶಾಲೆ ಬಿಟ್ಟು ಔರಂಗಾಬಾದಿನ ಸಮಾರಂಭಕ್ಕೆ ಅಷ್ಟು ದೂರ ಬರುವುದಿಲ್ಲವೆಂದು ಸಮಾಧಾನ ಹೇಳಿಕೊಂಡ. ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆಂಬುದು, ಶಾಲೆಗೆ ಎರಡನೆಯವನಾಗಿ ಪಾಸಾದ ಮನುಷ್ಯನಿಗೆ ಹೊಳೆಯಲಿಲ್ಲ. ಹೊಳೆಯಗೊಡಲಿಲ್ಲ ಎಂದರೆ ಇನ್ನೂ ಸರಿ.

ಸಮಾರಂಭದ ದಿನ ಖಂಡಪ್ಪ ಮುಂದಿನ ಸಾಲಿನಲ್ಲಿದ್ದ, ಹೊಸ ಬಿಳಿ ಟೋಪಿ ಹಾಕಿಕೊಂಡು. ಒಂದು ಪಕ್ಕದಲ್ಲಿ ನಾಗಮ್ಮ, ಇನ್ನೊಂದು ಪಕ್ಕದಲ್ಲಿ ಅಂಚುಳ್ಳ ಹತ್ತಿ ಸೀರೆಯ ಸರೋಜಿನಿ. ಬಾಗಿಲಲ್ಲಿ ಕೊಟ್ಟ ಕಾರ್ಯಕ್ರಮದ ಹಾಳೆಯನ್ನು ಅವಳು ಮಾವನ ಕೈಗೇ ಕೊಟ್ಟಿದ್ದಳು. ಅವನು ಅದನ್ನು ಹಿಡಿದು ಗಂಭೀರವಾಗಿ ಕಣ್ಣಾಡಿಸುತ್ತಿದ್ದ.

ವೇದಿಕೆಯ ಎರಡು ಬದಿಯ ಟಿವಿಗಳಲ್ಲಿ ಖಂಡಪ್ಪನ ಮುಖ ಮೂಡಿದಾಗ ಅವನು ಮೊದಲು ಹಿಗ್ಗಿ ಹೆಂಡತಿಯನ್ನು ಮೊಣಕೈಯಿಂದ ತಿವಿದ. ಆಮೇಲೆ ಟಿವಿಯ ಖಂಡಪ್ಪ ಹೇಳಿದ: "ನನಗ ಓದ್ಲಿಕ್ಕಿ ಬರಲ್ರಿ." ಬೆರಳ ಸಂದಿಯ ಲಕೋಟೆಗಳು ಬಂದಾಗ ನಗೆ ಎದ್ದಿತು. ಕೆಟ್ಟ ನಗೆಯಲ್ಲ ಅದು, ಅಕ್ಕರೆಯದೇ. ಕೊನೆಗೆ ಚಪ್ಪಾಳೆಯೂ ಬಿತ್ತು. ಗೋಡೆಗೆ ಒರಗಿ ನಿಂತಿದ್ದ ನರಹರಿ ಟಿವಿ ನೋಡುತ್ತಿರಲಿಲ್ಲ. ಖಂಡಪ್ಪನ ಕೈಗಳನ್ನು ನೋಡುತ್ತಿದ್ದ. ಹಾಳೆ ಹಿಡಿದ ಆ ಕೈಗಳಿಗೆ ಈಗ ಹಾಳೆಯನ್ನು ಹಿಡಿಯಲೂ ಆಗದು, ಬಿಡಲೂ ಆಗದು. ಸರೋಜಿನಿ ನಗಲಿಲ್ಲ, ಮಾವನ ಕಡೆ ತಿರುಗಲೂ ಇಲ್ಲ. ಕೈ ಚಾಚಿ, ನಿದ್ದೆಹೋದ ಮಗುವಿನ ಮುಷ್ಟಿಯಿಂದ ಆಟಿಕೆ ಬಿಡಿಸುವಷ್ಟು ಮೆಲ್ಲಗೆ, ಹಾಳೆಯನ್ನು ಬಿಡಿಸಿಕೊಂಡು ನಾಲ್ಕಾಗಿ ಮಡಚಿ ತನ್ನ ಚೀಲದಲ್ಲಿಟ್ಟಳು.

ಚಹಾದ ವೇಳೆ ಎಲ್ಲರೂ ನರಹರಿಯ ಬೆನ್ನು ತಟ್ಟಿದರು. ಖಂಡಪ್ಪ ಹತ್ತಿರ ಬರಲಿಲ್ಲ. ಬಂದವಳು ನಾಗಮ್ಮ.

"ಟಿಕಳಿ ನಾ ಕೊಟ್ಟಿದ್ದೆ ಸಾಹೇಬ್ರ," ಎಂದಳು. ಅಷ್ಟೇ ಹೇಳಿ ಹೋದಳು.

ಮರುದಿನ ನರಹರಿ, ಮೋಸದಿಂದ ಚಿತ್ರೀಕರಿಸಿದೆನೆಂದು ಸದಾನಂದರಿಗೆ ಬರೆದುಕೊಟ್ಟ. ಅವರು ಸಿಡುಕಿದರು, ಆದರೂ ಸಮಾರಂಭದ ಜೊತೆಗೇ ಶಾಖೆಗಳಿಗೆ ಕಳಿಸಿದ್ದ ಆ ವಿಡಿಯೊದ ಕ್ಯಾಸೆಟ್ಟುಗಳು ಒಂದೊಂದಾಗಿ ಹಿಂದೆ ಬಂದವು. ಎಲ್ಲ ಕೈಸೇರಿದ ಮೇಲೆ ಅವನು ನಾಸಿಕದ ಬಸ್ಸು ಹತ್ತಿದ. ಗೋಡೆಗಳ ಮೇಲೆ ಊರಿನ ಹೆಸರನ್ನು ಆಗಲೇ ಸಂಭಾಜಿನಗರವೆಂದು ಬರೆಯತೊಡಗಿದ್ದರು. ಬಸ್ಸಿನ ಬೋರ್ಡು ಇನ್ನೂ ಔರಂಗಾಬಾದ್ ಎನ್ನುತ್ತಿತ್ತು. ದಾರಿಯುದ್ದಕ್ಕೂ ಏನನ್ನೂ ಓದದೆ ಹೋಗಬೇಕೆಂದು ಅವನು ಹಟ ಹಿಡಿದ. ಆಗಲಿಲ್ಲ. ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳ ಫಲಕಗಳು ಒಂದರ ಹಿಂದೊಂದು, ಕೇಳದೆಯೇ ಕಣ್ಣೊಳಗೆ ನುಗ್ಗಿ ಬಂದವು. ಅಕ್ಷರ ಬಲ್ಲವನಿಗೆ ಓದದೆ ಬಿಡುವ ಸ್ವಾತಂತ್ರ್ಯವೂ ಇಲ್ಲ. ಮೂವತ್ತು ವರ್ಷ ಈ ಅಕ್ಷರಗಳ ಗೋಡೆಯನ್ನು ವಿನಯವೊಂದರಿಂದಲೇ ದಾಟಿದವನನ್ನು ತಾನು ಎರಡು ನಿಮಿಷದ ತಮಾಷೆಯಾಗಿ ಮಾಡಿದ್ದ.

ಖಂಡಪ್ಪ ಮನೆಯಲ್ಲಿದ್ದ. ಚಾಪೆ ಹಾಸಿ ಕೂರಿಸಿದ, ಬೈಯಲಿಲ್ಲ. ಗೂಡಿನಲ್ಲಿ ಪೇಪರು ಮಡಚಿಟ್ಟಂತೆಯೇ ಬಿದ್ದಿತ್ತು.

"ಈಗ ಸೊಸಿ ಪೇಪರ್ ನನ್ನ ಕೈಯಾಗ ಕೊಡಲ್ರಿ. ತಾನೇ ಓದಿ ಹೇಳ್ತಾಳ. ಸಾವಕಾಶ, ಸಣ್ಣ ಮಕ್ಕಳಿಗಿ ಹೇಳ್ದಂಗ. ಭಾಳ ಛಲೋ ಹುಡುಗಿ." ಅವನು ಗೂಡಿನ ಕಡೆ ನೋಡಿದ. "ಮೊದಲ ನಾ ಹೇಳ್ತಿದ್ದೆ, ಆಕಿ ಕೇಳ್ತಿದ್ಲು."

"ನನ್ನಿಂದ ತಪ್ಪಾತು ಖಂಡಪ್ಪನವರ. ಕ್ಯಾಸೆಟ್ಟೆಲ್ಲ ವಾಪಸ್ ತರಸೀನಿ. ಎಲ್ಲ ಅಳಿಸ್ತೀನಿ."

"ಅಳಸ್ರಿ," ಎಂದ ಖಂಡಪ್ಪ, ತನ್ನದಲ್ಲದ ವಿಷಯವೆಂಬಂತೆ. ಆಮೇಲೆ ನಾಗಮ್ಮ ಇದ್ದ ಒಳಕೋಣೆಯ ಕಡೆ ಒಮ್ಮೆ ನೋಡಿ, ಮುಂದೆ ಬಾಗಿ, ದನಿ ತಗ್ಗಿಸಿದ. "ನಿಮ್ದು ನಾ ಯಾರಿಗೂ ಹೇಳಿಲ್ರಿ."

"ಏನು?"

"ಮ್ಯಾಟ್ರಿಕ್ ಮಾತು. ಬ್ರ್ಯಾಂಚಿನಾಗ ಎಲ್ಲರೂ ಕೇಳಿದ್ರು. ಸಾಹೇಬ್ರು ಅಂಥಾದ್ದೇನು ಅಂದ್ರು ನಿನಗ, ಇಷ್ಟು ಬಾಯಿ ಬಿಟ್ಟಿ ಅಂತ. ನಾ ಹೇಳಿಲ್ಲ. ಈಕಿಗೂ ಹೇಳಿಲ್ಲ ನೋಡ್ರಿ. ನೀವು ಬೇಫಿಕರ್ ಇರ್ರಿ."

ಆ ಕಥೆಯೇ ಸುಳ್ಳೆಂದು ನರಹರಿ ಹೇಳಬೇಕಿತ್ತು. ಎಲ್ಲವನ್ನೂ ಹೇಳಿ ಹಗುರಾಗಲೆಂದೇ ಅವನು ಬಂದದ್ದು. ಆದರೆ ಈ ಮನೆಯಲ್ಲಿ ಖಂಡಪ್ಪನಿಗೆ ಉಳಿದಿದ್ದ ಮಾನ ಅದೊಂದೇ ಎಂಬಂತೆ ಕಂಡಿತು: ಒಬ್ಬ ಸಾಹೇಬನ ಗುಟ್ಟನ್ನು ತಾನು ಕಾದಿದ್ದೇನೆ ಎನ್ನುವುದು. ಅದನ್ನೂ ಕಿತ್ತುಕೊಂಡು ಹೋಗುವುದೇ? ಅಥವಾ ಹೀಗೆ ಯೋಚಿಸುತ್ತಿರುವುದೂ ಹೇಳಲಾರದ ಹೇಡಿಯ ಇನ್ನೊಂದು ನೆಪವೇ?

"ಎರಡನೇ ಸಲಕ್ಕ ಪಾಸಾದ್ರಿಲ್ರಿ?" ಖಂಡಪ್ಪ ಕೇಳಿದ, ಸಮಾಧಾನ ಹೇಳುವ ದನಿಯಲ್ಲಿ.

ನಾಗಮ್ಮ ನೀರು ತಂದು ಅತಿಥಿಯ ಮುಂದೆ ಹಿಡಿದಳು. ಅವಳ ಹಿಂದೆ ಕನ್ನಡಿಯ ಅಂಚಿನಲ್ಲಿ ಟಿಕಳಿಗಳ ಸಾಲು, ನಡುವೆ ಒಂದರ ಜಾಗ ಖಾಲಿ. ಅಷ್ಟು ಹೊತ್ತೂ ತನ್ನ ಕೈಗಳು ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಬಿದ್ದಿದ್ದವೆಂಬುದು ನರಹರಿಗೆ ಆಗ ತಿಳಿಯಿತು. ಎರಡೂ ಕೈಯಿಂದ ಲೋಟ ತೆಗೆದುಕೊಂಡ.

"ಹೌದ್ರಿ," ಎಂದ. "ಎರಡನೇ ಸಲಕ್ಕ ಪಾಸಾದೆ."

ಲೋಟದ ನೀರು ಅಂಚಿನವರೆಗೆ ಬಂದು ಅವನ ಬೆರಳುಗಳ ಮೇಲೆ ಚೆಲ್ಲಿತು.