ವಾಕಿಂಗ್ ಸಾರ್ ಹಾಜರಿ

ಧಾರಿಣಿಗೆ ಮೈಯೆಲ್ಲ ಉರಿದುಹೋಯಿತು. ಕಂಪ್ಯೂಟರ್ ಸೈನ್ಸಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದ್ದವರು ಮೂವರು, ಅವಳು, ಸಂದೀಪ್ ಮತ್ತು ವಿಕ್ರಮ್. ಮೂರು ತಿಂಗಳು ಹಿಂದಿ ಸೀಮೆಯ ಲಕ್ಷ್ಮೀ ನಗರದಲ್ಲಿದ್ದ ಅವಳ ಸೋದರಮಾವ ಜಯಾನಂದರ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು ದುಡಿದವರು ಮಾತ್ರ ಇಬ್ಬರೇ. ಕನ್ನಡ ಬಾರದ ವಿಕ್ರಮ್ 'ಆ ರಹಾ ಹೂಂ', ಬರ್ತಾ ಇದ್ದೀನಿ, ಅಂತ ಹಿಂದಿಯಲ್ಲಿ ಮೆಸೇಜ್ ಹಾಕಿದ್ದೇ ಬಂತು, ಮಹಾನುಭಾವ ಒಂದು ದಿನವೂ ಮುಖ ತೋರಿಸಲಿಲ್ಲ. ಈಗ ನೋಡಿದರೆ ವರದಿಯ ಮೊದಲ ಪುಟದಲ್ಲಿ ನಾಯಕ ಅವನೇ, ಪ್ರೋಗ್ರಾಂ ಬರೆದವನೂ ಅವನೇ, ಧಾರಿಣಿ ಬರೀ ಟೈಪಿಂಗ್ ಮಾಡಿದಳಂತೆ! ಅಂಕ ಬೀಳುವುದು ಅವರವರ ಕೆಲಸಕ್ಕೆ. ಕೈ ಕೆಸರು ಇವಳದು, ಬಾಯಿ ಮೊಸರು ಅವನದು.

ಜಗಳಕ್ಕೆ ಹೋಗುವ ಹುಡುಗಿಯಲ್ಲ ಅವಳು. ಜಗಳಕ್ಕಿಂತ ಕೆಟ್ಟದ್ದು ಅವಳಿಗೆ ಗೊತ್ತಿತ್ತು. ಪ್ರಾಜೆಕ್ಟು ಮುಖ ನೋಡಿ ಹಾಜರಿ ಹಾಕುವಂಥದ್ದು, ಅವಳ ಲ್ಯಾಪ್‌ಟಾಪಿನ ಕ್ಯಾಮೆರಾ ಎದುರು ಬಂದವರ ಮುಖವನ್ನಷ್ಟೇ ಅದು ಕಲಿಯುತ್ತದೆ. ವಿಕ್ರಮನ ನಾಲ್ಕು ಫೋಟೋ ಹಾಕಿದ್ದರೆ ಮುಗಿಯುತ್ತಿತ್ತು. ಅವಳು ಹಾಕಲಿಲ್ಲ.

ಈ ಪ್ರೋಗ್ರಾಂ ಹುಟ್ಟಿದ್ದೇ ಮಾವನಿಗಾಗಿ. ಬೆಳಗಿನ ಹೊತ್ತು ಅದೇ ಲ್ಯಾಪ್‌ಟಾಪ್ ಹೋಟೆಲಿನ ಗಲ್ಲಾದ ಪಕ್ಕ ಕೂರುತ್ತಿತ್ತು. ಖಾಯಂ ಗಿರಾಕಿ ಒಳಗೆ ಬಂದದ್ದೇ ತಡ, ಅವರ ಎಂದಿನ ತಿಂಡಿ, ಆ ತಿಂಗಳು ಬಂದ ದಿನಗಳ ಲೆಕ್ಕ ತೆರೆಯ ಮೇಲೆ ಮೂಡುತ್ತಿತ್ತು. ಹೆಸರುಗಳನ್ನು ಮಾವನೇ ತಮಗೆ ತೋಚಿದಂತೆ ಕನ್ನಡದಲ್ಲಿ ತುಂಬಿಸಿದ್ದರು. ಧಾರಿಣಿ ಏಳುವಷ್ಟರಲ್ಲಿ ಅವರೆಲ್ಲ ತಿಂದು ಹೋಗಿರುತ್ತಿದ್ದರು. ಅದನ್ನೇ ತಿದ್ದಿ ಅವಳು ಹಾಜರಿಯದ್ದು ಮಾಡಿದಳು, ಹಳೆಯ ಪಟ್ಟಿ ಅಳಿಸುವುದನ್ನು ಮರೆತಳು. ಜಾಣೆಯ ಜಾಣತನ ಅಷ್ಟಕ್ಕೇ ನಿಂತಿತು ನೋಡಿ.

ಪರೀಕ್ಷೆಯ ದಿನ ಎದುರಿಗೆ ಕೂತವರು ದಕ್ಷಿಣಾಮೂರ್ತಿ ಸರ್. ಪಕ್ಕದಲ್ಲಿ ಅವರ ಹೆಂಡತಿ, ಅದೇ ವಿಭಾಗದ ರತ್ನಾ ಮೇಡಂ. ಇಬ್ಬರೂ ಮೈಸೂರಿನ ಕಡೆಯವರು. ಡಾಕ್ಟರು ಸರ್‌ಗೆ ಎಣ್ಣೆ ತುಪ್ಪ ಬಿಡಿಸಿದ್ದು, ಮೇಡಂ ಕಟ್ಟಿಕೊಡುವ ಬೇಯಿಸಿದ ತರಕಾರಿಯ ಡಬ್ಬಿ, ದಿನಾ ಬೆಳಗಿನ ವಾಕಿಂಗು, ಎಲ್ಲ ಇಡೀ ಕಾಲೇಜಿಗೆ ಗೊತ್ತು.

ವಿಕ್ರಮ್ ಟೈ ಕಟ್ಟಿಕೊಂಡು ಬಂದು ಅರ್ಧ ಗಂಟೆ ಕೊರೆದ. ಆಮೇಲೆ ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ನಿಂತರು. ಸಂದೀಪನ ಹೆಸರು ಬಂತು, ಧಾರಿಣಿಯದೂ ಬಂತು. ವಿಕ್ರಮ್ ನಿಂತಾಗ ತೆರೆ 'ಅಪರಿಚಿತ' ಅಂದಿತು. ಯಾಕೆ ಹೀಗೆ ಅಂತ ಸರ್ ಕೇಳಿದರು.

"ಕೆಲಸಕ್ಕೆ ಬಂದವರ ಮುಖ ಇದಕ್ಕೆ ಗೊತ್ತು ಸರ್," ಅಂದಳು ಧಾರಿಣಿ, ಬೆಣ್ಣೆಯಂಥ ದನಿಯಲ್ಲಿ.

ವಿಕ್ರಮ್ ಬಿಡುತ್ತಾನೆಯೇ? ಟೈಪಿಂಗಿನಲ್ಲಿ ಇವಳು ಎಲ್ಲ ಕೆಡಿಸಿದ್ದಾಳೆ, ಈಗಿದು ಯಾರನ್ನು ಬೇಕಾದರೂ ಏನು ಬೇಕಾದರೂ ಅನ್ನುತ್ತದೆ ಅಂದ. ಹಾಗಾದರೆ ಈಗಲೇ ನೋಡೋಣ ಅಂದರು ಸರ್, ನನ್ನ ಮುಖ ಇದು ಕಂಡೇ ಇಲ್ಲ, ನನ್ನನ್ನೂ ಅಪರಿಚಿತ ಅಂದರೆ ಪ್ರೋಗ್ರಾಂ ಸರಿ, ಇಲ್ಲದಿದ್ದರೆ ಕೆಟ್ಟಿದೆ ಅಂತ ತಾವೇ ಎದ್ದು ಹೋಗಿ ನಿಂತರು.

ತೆರೆಯ ಮೇಲೆ ದಪ್ಪ ಕನ್ನಡ ಅಕ್ಷರ ಮೂಡಿತು. 'ವಾಕಿಂಗ್ ಸಾರ್. ತುಪ್ಪದ ಮಸಾಲೆ ಒಂದು, ವಡೆ ಎರಡು. ಈ ತಿಂಗಳು ಹದಿನಾಲ್ಕು ದಿನ.'

ಅಳಿಸದೆ ಬಿಟ್ಟ ಮಾವನ ಪಟ್ಟಿ ಧಾರಿಣಿಗೆ ಆಗ ನೆನಪಾಯಿತು. ವಿಕ್ರಮನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು, ಆದರೂ 'ಅಪರಿಚಿತ' ಅನ್ನಲಿಲ್ಲ ಎಂಬುದಷ್ಟೇ ಸಾಕಾಯಿತು, ಕೆಟ್ಟಿದೆ ನೋಡಿ ಸರ್ ಅಂತ ಹಿಗ್ಗಿದ. ರತ್ನಾ ಮೇಡಂ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು.

"ರೀ, ಇದು ತಪ್ಪು ಹೇಳ್ತಿದೆಯಾ?"

ಸರ್ ಬಾಯಲ್ಲೀಗ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಪ್ಪು ಅಂದರೆ ತಾವು ಬಚಾವ್, ಹುಡುಗಿಯ ಮೂರು ತಿಂಗಳು ಮಣ್ಣುಪಾಲು. ಅವರು ಧಾರಿಣಿಯ ಕಡೆ ನೋಡಿದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ತಪ್ಪೇ," ಅಂದರು ಸರ್. "ಹದಿನಾಲ್ಕಲ್ಲ, ಹದಿನೈದು. ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ಗಲ್ಲಾದ ಹತ್ತಿರ ಇರಲಿಲ್ಲ."

ಮೇಡಂ ಪೆನ್ನು ತೆಗೆದು, ವಿಕ್ರಮನ ಹೆಸರಿನ ಮುಂದಿದ್ದ 'ನಾಯಕ' ಹೊಡೆದುಹಾಕಿ ಧಾರಿಣಿಯ ಹೆಸರಿನ ಮುಂದೆ ಬರೆದರು. ಆಮೇಲೆ, ನಾಳೆಯಿಂದ ವಾಕಿಂಗಿಗೆ ತಾವೂ ಬರುವುದಾಗಿ ಗಂಡನಿಗೆ ತಿಳಿಸಿದರು.